ಬಾಣಂತನಕ್ಕೆ ಎಲ್ಲಿಗೆ ಹೋಗ್ತೀಯಮ್ಮ?

ತಿಂಗಳ 9ನೇ ತಾರೀಖು ಕೋಲಾರ ಜಿಲ್ಲೆಯ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೂ ಕಾಣುವುದು ಹೆಚ್ಚೂ ಕಮ್ಮಿ ಒಂದೇ ನೋಟ. ಬೆಂಚಿನ ಮೇಲೆ ಸಾಲಾಗಿ ಬಸುರಿ ಹೆಂಗಸರು. ಪಕ್ಕದಲ್ಲಿ ಅತ್ತೆ, ಇಲ್ಲವೇ ಅಮ್ಮ. ಕೈಯಲ್ಲಿ ತಾಯಿ ಕಾರ್ಡು. ಆ ದಿನ ಗರ್ಭಿಣಿಯರನ್ನು ವೈದ್ಯರೇ ನೋಡಬೇಕು ಎಂಬ ಕೇಂದ್ರ ಸರ್ಕಾರದ ಯೋಜನೆ 2016ರಿಂದ ನಡೆಯುತ್ತಿದೆ. ತೂಕ, ಬಿ.ಪಿ., ರಕ್ತ ಎಷ್ಟಿದೆ, ಸಕ್ಕರೆ ಎಷ್ಟಿದೆ, ಸ್ಕ್ಯಾನಿಂಗ್ ಆಯ್ತಾ, ಕಬ್ಬಿಣದ ಮಾತ್ರೆ ನುಂಗ್ತಿದೀಯಾ. ಎಲ್ಲವನ್ನೂ ಕೇಳುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ.

ಅಂಥ ಒಂದು ದಿನ ಚಿಕ್ಕಮ್ಮನ ಮಗಳ ಜೊತೆ ನಾನೂ ಹೋಗಿದ್ದೆ. ನಮ್ಮ ಮುಂದಿದ್ದ ಹುಡುಗಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು. ಆರು ತಿಂಗಳು ತುಂಬಿತ್ತು. ಸಿಸ್ಟರ್ ಕಾರ್ಡು ಬರೆಯುತ್ತಾ ಕೇಳಿದರು. "ಚೊಚ್ಚಲು ಅಲ್ವಾ? ಬಾಣಂತನಕ್ಕೆ ಎಲ್ಲಿಗೆ ಹೋಗ್ತೀಯಮ್ಮ?"

"ಇಲ್ಲೇ ಇರ್ತೀನಿ ಮೇಡಂ."

ಅತ್ತೆ ನಡುವೆ ಬಾಯಿ ಹಾಕಿದರು. "ಅದೇನು ಹಟವೋ ಕಾಣೆ. ಅವರಪ್ಪ ಎರಡು ಸಲ ಬಂದು ಕರೆದ್ರು. ಹೂಂ ಅನ್ನಲ್ಲ."

"ಗಂಡನ್ನ ಬಿಟ್ಟಿರೋಕಾಗಲ್ವೇನೋ" ಅಂದರು ಸಿಸ್ಟರ್. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಆ ಹುಡುಗಿಯೂ ನಕ್ಕಳು, ತಲೆ ಎತ್ತದೆ. ಅಷ್ಟರಲ್ಲಿ ಮುಂದಿನ ಹೆಸರು ಕೂಗಿದರು.

ಅವಳು ಯಾಕೆ ಬೇಡ ಅಂದಳೋ ನನಗೆ ಗೊತ್ತಿಲ್ಲ. ನೂರು ಕಾರಣ ಇರಬಹುದು. ಸಿಸ್ಟರ್ ಹೇಳಿದ್ದೇ ನಿಜವೂ ಇರಬಹುದು. ಆದರೆ ಚೊಚ್ಚಲ ಬಸುರಿ ತವರು ಬೇಡ ಅನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅದರ ಹಿಂದೆ ಏನಿದೆ ಅಂತ ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಕಾರ್ಡಿನಲ್ಲಿ ಅದಕ್ಕೆ ಜಾಗವೂ ಇಲ್ಲ. ಹೆರಿಗೆ ಆರೈಕೆಯ ಒಳಗೇ, ತಾಯಿ ತಂದೆ ಆಗಲಿರುವವರ ಸ್ವಂತ ಬಾಲ್ಯದ ಬಗ್ಗೆ ಮಾತಾಡಬೇಕಾ ಎಂಬ ಚರ್ಚೆ ಕೆಲವು ದೇಶಗಳಲ್ಲಿ ಈಗ ಜೋರಾಗಿ ನಡೆದಿದೆ. ನಮ್ಮಲ್ಲಿ ಅದು ಇನ್ನೂ ಶುರುವಾಗಬೇಕು. ಶುರುವಾದರೆ ನಮ್ಮ ಮಟ್ಟಿಗೆ ಅದರ ಬಾಗಿಲು ಇರುವುದು ಆ ಸಿಸ್ಟರ್ ಕೇಳಿದ ಪ್ರಶ್ನೆಯಲ್ಲೇ ಅಂತ ನನ್ನ ನಂಬಿಕೆ.

ಮೊದಲು ಈ ವಿಷಯ ಎಲ್ಲಿಂದ ಬಂತು ಅಂತ ನೋಡೋಣ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ತಿಳಿಯಲು ಅವರನ್ನು ಕರೆದು ಕೂರಿಸಿ ಮಾತಾಡಿಸಿದರು. ಆಗ ಹಲವರ ಬಾಯಿಂದ ಬಂದದ್ದು ಬಾಲ್ಯದಲ್ಲಿ ನಡೆದ ಲೈಂಗಿಕ ದೌರ್ಜನ್ಯದ ಕಥೆ. ಫೆಲಿಟ್ಟಿ ಆಮೇಲೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ರಾಬರ್ಟ್ ಆಂಡಾ ಅವರ ಜೊತೆ ಸೇರಿ 17,000ಕ್ಕೂ ಹೆಚ್ಚು ಜನರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಮೊದಲ ವರದಿ 1998ರಲ್ಲಿ ಬಂತು.

ಅವರು ಕೇಳಿದ್ದು ಮೊದಲ ವರದಿಯಲ್ಲಿ ಏಳು, ಆಮೇಲೆ ಸೇರಿಸಿ ಒಟ್ಟು ಹತ್ತು ಸಂಗತಿ. ಮನೆಯಲ್ಲಿ ಹೊಡೆತ, ಹೀಯಾಳಿಕೆ, ಲೈಂಗಿಕ ದೌರ್ಜನ್ಯ. ಹೊಟ್ಟೆ ಬಟ್ಟೆಗೆ ನೋಡಿಕೊಳ್ಳದಿರುವುದು, ಪ್ರೀತಿ ತೋರಿಸದಿರುವುದು. ಅಮ್ಮನಿಗೆ ಹೊಡೆಯುವುದನ್ನು ನೋಡಿರುವುದು. ಮನೆಯಲ್ಲಿ ಕುಡುಕರು, ಮಾನಸಿಕ ಕಾಯಿಲೆ ಇರುವವರು, ಜೈಲಿಗೆ ಹೋದವರು. ಅಪ್ಪ ಅಮ್ಮ ಬೇರೆಯಾಗಿರುವುದು. ಇವನ್ನೆಲ್ಲ ಸೇರಿಸಿ ಇಲ್ಲಿ ಸುಲಭಕ್ಕೆ 'ಬಾಲ್ಯದ ಪೆಟ್ಟು' ಅನ್ನುತ್ತೇನೆ. ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇವುಗಳಲ್ಲಿ ಒಂದನ್ನಾದರೂ ಕಂಡಿದ್ದರು. ನಾಲ್ಕೋ ಅದಕ್ಕಿಂತ ಜಾಸ್ತಿಯೋ ಪೆಟ್ಟು ತಿಂದವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವೆಲ್ಲ ಏನೂ ಪೆಟ್ಟು ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿದ್ದವು.

ಆ ಜನ ಹೆಚ್ಚಿನವರು ಆರೋಗ್ಯ ವಿಮೆ ಇದ್ದ ಮಧ್ಯಮ ವರ್ಗದ ಬಿಳಿಯರು. ಹಾಗಾಗಿ ಅವರ ಪಟ್ಟಿಯಲ್ಲಿ ಶಾಲೆ ಬಿಡಿಸಿ ಕೆಲಸಕ್ಕೆ ಹಾಕಿದ್ದು ಇಲ್ಲ. ಹದಿನೈದಕ್ಕೇ ಮದುವೆ ಮಾಡಿದ್ದು ಇಲ್ಲ. ಜಾತಿಯ ಕಾರಣಕ್ಕೆ ಬೇರೆ ಕೂರಿಸಿದ್ದು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ ಬೇರೆ ದೇಶಗಳಿಗೂ ಹೊಂದುವ ಹಾಗೆ ಪಟ್ಟಿಯನ್ನು ದೊಡ್ಡದು ಮಾಡಿ, ಊರಿನ ಗಲಾಟೆ, ಓರಗೆಯವರ ಕಾಟ ಇವನ್ನೆಲ್ಲ ಸೇರಿಸಿತು. ಆದರೂ ಕೋಲಾರದ ಬಾಲ್ಯವನ್ನು ತಿಳಿಯಬೇಕಾದರೆ ಕೋಲಾರವನ್ನೇ ನೋಡಬೇಕು.

ಈಗ ತಾಯಿ ತಂದೆ ಆಗುತ್ತಿರುವವರು ಹೆಚ್ಚೂ ಕಮ್ಮಿ 1995ರಿಂದ 2015ರ ನಡುವೆ ಮಕ್ಕಳಾಗಿದ್ದವರು. ಆ ಇಪ್ಪತ್ತು ವರ್ಷ ಈ ಜಿಲ್ಲೆಯಲ್ಲಿ ಏನೇನಾಯಿತು? 2001ರ ಫೆಬ್ರವರಿ 28ಕ್ಕೆ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿತು. ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ತಲೆಮಾರುಗಳಿಂದ ಗಣಿಯನ್ನೇ ನಂಬಿದ್ದ ಲೈನ್ ಮನೆಗಳ ಗಂಡಸರು ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೋ ಸೆಕ್ಯುರಿಟಿ ಕೆಲಸಕ್ಕೋ ಹೋಗತೊಡಗಿದರು. ಅವರು ವಾಪಸ್ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತಿದ್ದವು. ಆ ದಿನ ಐದು ವರ್ಷದವರಾಗಿದ್ದ ಮಕ್ಕಳು ಇವತ್ತು ಮೂವತ್ತರ ಆಸುಪಾಸಿನಲ್ಲಿದ್ದಾರೆ.

ಸಾರಾಯಿ ನಿಷೇಧವಾದದ್ದು 2007ರ ಜುಲೈ 1ಕ್ಕೆ. ಅಲ್ಲಿಯವರೆಗೆ ಪ್ಯಾಕೆಟ್ ಸಾರಾಯಿ ಹಳ್ಳಿ ಹಳ್ಳಿಯಲ್ಲಿ ಸಿಗುತ್ತಿತ್ತು. ಅಪ್ಪನಿಗೆ ಪ್ಯಾಕೆಟ್ ತರಲು ಮಕ್ಕಳನ್ನೇ ಕಳಿಸುತ್ತಿದ್ದರು. ನಮ್ಮ ಕ್ಲಾಸಿನಲ್ಲೂ ಅಂಥವರಿದ್ದರು. ಶಿಡ್ಲಘಟ್ಟ ಆಗ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಅಲ್ಲಿ ನೂಲು ಬಿಚ್ಚುವ ಮನೆಗಳಲ್ಲಿ ಕುದಿನೀರಿನಲ್ಲಿ ರೇಷ್ಮೆ ಗೂಡು ಹಾಕಿ ಕೈಯಾಡಿಸುತ್ತಿದ್ದವರಲ್ಲಿ ಮಕ್ಕಳೂ ಇದ್ದರು. ಕೆಲವರು ಅಪ್ಪ ತೆಗೆದುಕೊಂಡ ಮುಂಗಡಕ್ಕೆ ದುಡಿಯುತ್ತಿದ್ದವರು. ಕೆರೆ ಒಣಗಿ, ಸಾವಿರ ಅಡಿ ಕೊರೆದ ಬೋರ್‌ವೆಲ್ಲೂ ಕೈಕೊಟ್ಟು, ಸಾಲ ಹೊತ್ತ ಮನೆಗಳ ಲೆಕ್ಕ ಬೇರೆ.

ಇದೆಲ್ಲವನ್ನೂ ಬಾಲ್ಯದ ಪೆಟ್ಟು ಅಂತ ನಾನು ಬರೆದುಕೊಳ್ಳುತ್ತಿಲ್ಲ. ಬಡತನ ಬೇರೆ, ದೌರ್ಜನ್ಯ ಬೇರೆ. ತುತ್ತು ಹಂಚಿಕೊಂಡು ತಿಂದು, ಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಮನೆಗಳು ಇಲ್ಲಿ ಸಾವಿರಾರು. ಆದರೆ ಕೆಲಸ ಕಳೆದುಕೊಂಡ ಮನೆ, ಕುಡಿತ ಹೊಕ್ಕ ಮನೆ, ಸಾಲಗಾರ ಬಾಗಿಲಲ್ಲಿ ನಿಂತ ಮನೆ ದೊಡ್ಡವರನ್ನು ಹಿಂಡುತ್ತದೆ. ಹಿಂಡಿದ್ದು ಕೊನೆಗೆ ಚಿಕ್ಕವರ ಬೆನ್ನ ಮೇಲೆ ಬೀಳುತ್ತದೆ.

ಸರಿ, ಇದನ್ನು ಹೆರಿಗೆಯ ಹೊತ್ತಲ್ಲಿ ಯಾಕೆ ಎತ್ತಬೇಕು? ಬೇರೆ ಯಾವಾಗಲೂ ಅಷ್ಟಾಗಿ ಕದಡದ್ದು ಆಗ ಕದಡುತ್ತದೆ, ಅದಕ್ಕೆ.

ಒಂದು ಸಲ ನಾಯಿ ಕಚ್ಚಿಸಿಕೊಂಡ ಮಗು ಆಮೇಲೆ ಯಾವ ನಾಯಿ ಕಂಡರೂ ಬೆಚ್ಚುತ್ತದೆ. ಬುದ್ಧಿ ಹೇಳಿದರೂ ಮೈ ಕೇಳುವುದಿಲ್ಲ. ಬಾಲ್ಯದಲ್ಲಿ ವರ್ಷಗಟ್ಟಲೆ ಹೆದರಿಕೆಯಲ್ಲಿ ಬೆಳೆದವರ ಮೈ ಹೀಗೆ ಸದಾ ಬೆಚ್ಚುವುದನ್ನು ಕಲಿತಿರುತ್ತದೆ. ಒತ್ತಡದ ಹಾರ್ಮೋನುಗಳು ಬೇಗ ಏರುತ್ತವೆ, ನಿಧಾನಕ್ಕೆ ಇಳಿಯುತ್ತವೆ. ಇನ್ನು ಬಸುರಿಯ ಮೈ ಅವಳದ್ದಾಗಿ ಉಳಿಯುವುದೇ ಕಡಿಮೆ. ಅಪರಿಚಿತರು ಮುಟ್ಟುತ್ತಾರೆ, ಬಟ್ಟೆ ಸರಿಸುತ್ತಾರೆ, ಒಳಗೆ ಕೈ ಹಾಕಿ ನೋಡುತ್ತಾರೆ. ಚಿಕ್ಕಂದಿನಲ್ಲಿ ಯಾರೋ ಬಲವಂತವಾಗಿ ಮುಟ್ಟಿದ್ದ ಹುಡುಗಿಗೆ ಆ ಮಂಚ ಬರೀ ತಪಾಸಣೆಯ ಮಂಚ ಆಗಿರುವುದಿಲ್ಲ. ಅವಳು ಕಾಲು ಬಿಗಿ ಹಿಡಿಯುತ್ತಾಳೆ. ಹೆರಿಗೆ ವಾರ್ಡಿನಲ್ಲಿ ಅದಕ್ಕೆ ಸಿಗುವುದು ಬೈಗುಳ. ನನ್ನ ಹೆರಿಗೆಯಲ್ಲಿ ಪಕ್ಕದ ಮಂಚದ ಹೆಂಗಸಿಗೆ ತೊಡೆಯ ಮೇಲೆ ಏಟು ಬಿದ್ದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವಳು ಯಾಕೆ ಹಾಗೆ ಬಿಗಿ ಹಿಡಿದಿದ್ದಳೋ ಯಾರಿಗೆ ಗೊತ್ತು. 2017ರಲ್ಲಿ ಬಂದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ತಾಯಿಗೆ ಮರ್ಯಾದೆ ಕೊಡಬೇಕು ಅಂತ ಹೇಳುತ್ತದೆ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಎಲ್ಲರೂ ಒಳಗೆ ಬಂದಾಯಿತು. ಒಳಗೆ ಬಂದವರನ್ನು ಹೇಗೆ ಮುಟ್ಟುತ್ತೇವೆ ಅನ್ನುವುದೇ ಈಗ ಉಳಿದ ಕೆಲಸ.

ಮಗು ಹುಟ್ಟಿದ ಮೇಲೆ ಇನ್ನೊಂದು ಕದಡು. ಮಗು ಸುಮ್ಮನಾಗದೆ ಅಳುತ್ತದೆ. ನಡುರಾತ್ರಿ ಮೂರು ಗಂಟೆಗೆ ಆ ಅಳು ಕೇಳುವಾಗ, ತಾನು ಅತ್ತಾಗ ಯಾರೂ ಎತ್ತಿಕೊಳ್ಳದ ನೆನಪು ಎದ್ದು ಬರಬಹುದು. ಭಾರತದ 38 ಅಧ್ಯಯನಗಳನ್ನು ಒಟ್ಟುಮಾಡಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ನಮ್ಮ ಬಾಣಂತಿಯರಲ್ಲಿ ನೂರಕ್ಕೆ ಸುಮಾರು 22 ಜನರಿಗೆ ಖಿನ್ನತೆ ಕಾಡುತ್ತದೆ. ಬಾಲ್ಯದ ಪೆಟ್ಟು ತಿಂದವರಲ್ಲಿ ಅದು ಹೆಚ್ಚು ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ದಿನ ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆ ಇವುಗಳ ಜೊತೆಗೂ ನಂಟು ಕಂಡಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪೆಟ್ಟು ತಿಂದವರೆಲ್ಲ ತಮ್ಮ ಮಕ್ಕಳಿಗೆ ಪೆಟ್ಟು ಕೊಡುವುದಿಲ್ಲ. ಹೆಚ್ಚಿನವರು ಕೊಡುವುದೇ ಇಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ಕಷ್ಟದಲ್ಲಿದ್ದ ತಾಯಂದಿರ ಮನೆಗಳಿಗೇ ಹೋಗಿ ಅವರ ಜೊತೆ ಕೂತು ಕೆಲಸ ಮಾಡಿದ ಸೆಲ್ಮಾ ಫ್ರೈಬರ್ಗ್ 1975ರಲ್ಲೇ ಒಂದು ಸಂಗತಿ ಬರೆದರು. ತನಗೆ ಆದದ್ದನ್ನು ನೆನೆದು ಅತ್ತವರು, ಆಗಿನ ನೋವು ಹೆದರಿಕೆಯನ್ನು ಮತ್ತೆ ಮುಟ್ಟಲು ಸಾಧ್ಯವಾದವರು, ತಮ್ಮ ಮಗುವಿಗೆ ಹಾಗೆ ಮಾಡುವುದಿಲ್ಲ. ನಡೆದದ್ದು ನೆನಪಿದ್ದು ನೋವು ಮರಗಟ್ಟಿದವರಲ್ಲಿ ಅದು ಮರುಕಳಿಸುವ ಸಂಭವ ಜಾಸ್ತಿ. ಮಾತಾಡಿಸುವುದು ಯಾಕೆ ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಂಡಿಲ್ಲ. 'ಬಾಯಿ ಬಿಟ್ಟರೆ ಬಣ್ಣಗೇಡು' ಅಂತ ನಾವು ಹೆಣ್ಣುಮಕ್ಕಳಿಗೆ ಹೇಳಿಕೊಂಡು ಬಂದಿದ್ದೇವೆ. ಬಾಯಿ ಬಿಡದ್ದರಿಂದ ಕೆಟ್ಟದ್ದು ಎಷ್ಟು ಅಂತ ಯಾರೂ ಎಣಿಸಿಲ್ಲ.

ಈಗ ತವರಿನ ವಿಷಯಕ್ಕೆ ಬರುತ್ತೇನೆ. ಪಶ್ಚಿಮದ ದೇಶದವರ ಬರಹಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಯಾಕೆಂದರೆ ಅವರಲ್ಲಿ ಈ ಪದ್ಧತಿ ಇಲ್ಲ.

ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮಾಡಿ, ಮಡಿಲು ತುಂಬಿ, ಮಗಳನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ಮೂರು ತಿಂಗಳು, ಕೆಲವರಲ್ಲಿ ಐದು ತಿಂಗಳು ಬಾಣಂತನ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಇದು ಚಂದದ ಪದ್ಧತಿ ಅಂತಲೇ ನನಗೆ ಅನ್ನಿಸುತ್ತದೆ. ನಮ್ಮಮ್ಮ ಮುಳಬಾಗಿಲಿನ ಹತ್ತಿರದ ನಮ್ಮ ಊರಿನಲ್ಲಿ ನನಗೆ ಎರೆದ ನೀರಿನ ಬಿಸಿ ಈಗಲೂ ನೆನಪಿದೆ. ಅತ್ತೆ ಮನೆಯ ಕೆಲಸದಿಂದ ಹುಡುಗಿಗೆ ಸಿಗುವ ಒಂದೇ ಒಂದು ದೊಡ್ಡ ರಜೆ ಅದು. ನಮ್ಮ ಹಾಡು, ಹಸೆ, ಗಾದೆ ಎಲ್ಲವೂ ತವರನ್ನು ತಂಪಿನ ಜಾಗ ಅಂತಲೇ ಹೇಳುತ್ತವೆ.

ಆದರೆ ಪೆಟ್ಟು ಬಿದ್ದದ್ದು ಆ ಮನೆಯಲ್ಲೇ ಆಗಿದ್ದರೆ?

ಕುಡಿದು ಬಂದು ಅಮ್ಮನನ್ನು ಹೊಡೆಯುತ್ತಿದ್ದ ಅಪ್ಪ ಇನ್ನೂ ಆ ಪಡಸಾಲೆಯಲ್ಲೇ ಮಲಗುತ್ತಾನೆ. ಮೈ ಮುಟ್ಟಿದ ಮಾವ ಪಕ್ಕದ ಮನೆಯಲ್ಲೇ ಇದ್ದಾನೆ, ಮಗುವನ್ನು ನೋಡಲು ಮೊದಲು ಬರುವವನೂ ಅವನೇ. 'ಹೆಣ್ಣು ಹುಟ್ಟಿತು' ಅಂತ ಅವಳು ಹುಟ್ಟಿದಾಗ ಮುಖ ತಿರುಗಿಸಿದ ಅಜ್ಜಿಯೇ ಈಗ ಅವಳ ಮಗುವಿಗೆ ಎರೆಯುವವಳು. ಅವಳ ಜೀವನದ ಅತಿ ಎಳೆಯ, ಅತಿ ಸೋತ ಮೂರು ತಿಂಗಳಿಗೆ ಅವಳನ್ನು ಎಲ್ಲರೂ ಸೇರಿ, ಪ್ರೀತಿಯಿಂದ, ಅರಿಶಿನ ಕುಂಕುಮ ಇಟ್ಟು ಆ ಮನೆಗೇ ಕಳಿಸುತ್ತಿದ್ದೇವೆ. ಬೇಡ ಅಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅತ್ತೆ ಮನೆಯಲ್ಲಿ ತವರಿನ ಮರ್ಯಾದೆ ಹೋಗುತ್ತದೆ, ಅದರ ಜೊತೆ ಅವಳದ್ದೂ. ಹಾಗಾಗಿ ಅವಳು ಹೋಗುತ್ತಾಳೆ. ಇಲ್ಲವೇ 'ಇಲ್ಲೇ ಇರ್ತೀನಿ' ಅಂತ ಹೇಳಿ, ಹಟಮಾರಿ ಅನ್ನಿಸಿಕೊಳ್ಳುತ್ತಾಳೆ.

ಬಾಣಂತಿ ಎಲ್ಲಿರುತ್ತಾಳೆ ಅನ್ನುವುದು ಜೀವದ ಪ್ರಶ್ನೆಯೂ ಹೌದು. 2023ರ ಜುಲೈನಲ್ಲಿ ತುಮಕೂರು ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಮಗುವನ್ನೂ ಸೂತಕದ ಕಾರಣಕ್ಕೆ ಊರ ಹೊರಗಿನ ಗುಡಿಸಲಲ್ಲಿ ಇಟ್ಟಿದ್ದರು. ಮಳೆ, ಚಳಿ. ಮಗು ಉಳಿಯಲಿಲ್ಲ. ಇಂಥ ಕಡೆ ಹುಡುಗಿಯರನ್ನು ಮುಟ್ಟಾದಾಗಲೂ ಹೀಗೇ ಹೊರಗೆ ಇಡುತ್ತಾರೆ. ಹನ್ನೆರಡರ ಹುಡುಗಿ ಕತ್ತಲಲ್ಲಿ ಒಬ್ಬಳೇ ಕೂತು ಅನುಭವಿಸಿದ ಹೆದರಿಕೆ, ಇಪ್ಪತ್ತೆರಡಕ್ಕೆ ಎದೆಗೊಂದು ಮಗು ಅವಚಿಕೊಂಡು ಮತ್ತೆ ಹೊರಗೆ ಕೂತಾಗ ಎಷ್ಟಾಗಬಹುದು?

ತವರಿಗೆ ಹೋಗುವುದರಲ್ಲಿ ಆಡಳಿತದ ಒಂದು ತೊಡಕೂ ಇದೆ. ಇದು ಸಣ್ಣದಾಗಿ ಕಾಣುತ್ತದೆ, ಸಣ್ಣದಲ್ಲ. ಏಳು ತಿಂಗಳು ಅವಳನ್ನು ನೋಡಿದ್ದು ಗಂಡನ ಊರಿನ ಆಶಾ ಕಾರ್ಯಕರ್ತೆ. ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಮನೆಗೆ ಬಂದು ಮಗುವನ್ನು ನೋಡಬೇಕಾದದ್ದು ತವರಿನ ಆಶಾ. ಇವರಿಬ್ಬರ ನಡುವೆ ಹೋಗುವುದು ತಾಯಿ ಕಾರ್ಡು ಒಂದೇ. ಬಿ.ಪಿ. ಎಷ್ಟಿತ್ತು ಅನ್ನುವುದು ಹೋಗುತ್ತದೆ. 'ಈ ಹುಡುಗಿ ಯಾಕೋ ಮಾತಾಡಲ್ಲ, ಸ್ವಲ್ಪ ನೋಡ್ಕೋ' ಅನ್ನುವುದು ಹೋಗುವುದಿಲ್ಲ.

ಹಾಗಾದರೆ ಕೇಳಿಬಿಡೋಣ, ಆ ಹತ್ತು ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಎಲ್ಲರಿಗೂ ಕೊಟ್ಟುಬಿಡೋಣ ಅನ್ನಿಸಬಹುದು. ಅಲ್ಲಿ ನಾನು ನಿಲ್ಲುತ್ತೇನೆ.

ಕೇಳಿದರೆ ಹೆಂಗಸರು ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವುದು ಅಷ್ಟು ನಿಜವಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಎರಡು ಕ್ಲಿನಿಕ್‌ಗಳಲ್ಲಿ ಗರ್ಭಿಣಿಯರನ್ನು ಹೀಗೆ ಕೇಳಿ ನೋಡಿದ ಪ್ರಯೋಗದ ವರದಿ 2018ರಲ್ಲಿ ಬಂತು. ಹತ್ತರಲ್ಲಿ ಒಂಬತ್ತು ಜನ ತಮಗೆ ಮುಜುಗರ ಆಗಲಿಲ್ಲ ಅಂದಿದ್ದರು. ಆದರೆ ಅಲ್ಲಿ ಬಾಗಿಲು ಹಾಕಿದ ಕೋಣೆ ಇತ್ತು, ತರಬೇತಾದವರಿದ್ದರು, ಮುಂದೆ ಕಳಿಸಲು ಜಾಗ ಇತ್ತು. 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇನ್ನೂ ಮುಂದೆ ಹೋಗಿ, ಬಡವರ ಆರೋಗ್ಯ ಯೋಜನೆಯಡಿ ಬಾಲ್ಯದ ಪೆಟ್ಟಿನ ಬಗ್ಗೆ ಒಂದು ಸಲ ಕೇಳಿದರೆ 29 ಡಾಲರ್ ಅಂತ ವೈದ್ಯರಿಗೆ ಕೊಡತೊಡಗಿತು. ಅದೇ ವರ್ಷ ರಾಬರ್ಟ್ ಆಂಡಾ, ಅಂದರೆ ಈ ಪಟ್ಟಿಯನ್ನು ಮಾಡಿದವರಲ್ಲೇ ಒಬ್ಬರು, ಎಚ್ಚರಿಕೆ ಬರೆದರು. ಹತ್ತಕ್ಕೆ ಎಷ್ಟು ಅನ್ನುವ ಈ ಅಂಕಿ ಇಡೀ ಸಮುದಾಯದ ಸ್ಥಿತಿ ತಿಳಿಯಲು ಸರಿ. ಒಬ್ಬ ವ್ಯಕ್ತಿಯ ಮುಂದಿನ ಬದುಕನ್ನು ಅದರಿಂದ ಅಳೆಯಬಾರದು ಅಂತ.

ಈ ಎಚ್ಚರಿಕೆಯನ್ನು ನಾವು ಮೊದಲೇ ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಏನೇ ಬಂದರೂ ಮೊದಲು ಫಾರಂ ಆಗುತ್ತದೆ, ಆಮೇಲೆ ಟಾರ್ಗೆಟ್ ಆಗುತ್ತದೆ. ತಾಯಿ ಕಾರ್ಡಿನ ಮೇಲೆ 'ಬಾಲ್ಯದ ಅಂಕ 6' ಅಂತ ಬರೆದಿದ್ದರೆ ಅದನ್ನು ಅತ್ತೆಯೂ ಓದುತ್ತಾಳೆ, ನಾದಿನಿಯೂ ಓದುತ್ತಾಳೆ. ಒಂದೇ ಸಲ ಆದ ಭಯಾನಕ ಘಟನೆಗೆ ಒಂದು ಅಂಕ, ವರ್ಷಗಟ್ಟಲೆ ನಡೆದದ್ದಕ್ಕೂ ಒಂದೇ ಅಂಕ. ಅವಳನ್ನು ಕಾಪಾಡಿದ ಅಜ್ಜಿಗೆ, ಮಧ್ಯಾಹ್ನ ಹೆಚ್ಚಿಗೆ ಅನ್ನ ಬಡಿಸಿದ ಅಡುಗೆಯಮ್ಮನಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಸುಮ್ನೆ ಕೇಳಿಬಿಟ್ಟರೆ ತಾಯಿ ಮಗುವಿನ ಆರೋಗ್ಯ ಸುಧಾರಿಸುತ್ತದೆ ಅಂತ ಹೇಳುವ ಗಟ್ಟಿ ಪುರಾವೆ ಕೂಡ ಇನ್ನೂ ಇಲ್ಲ. ಗಂಡನ ಹಿಂಸೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೊಟ್ಟ ಸಲಹೆ ಇಲ್ಲಿಗೂ ಹೊಂದುತ್ತದೆ. ಕೇಳುವುದಕ್ಕೆ ಮೊದಲು ಬೇರೆಯವರಿಗೆ ಕೇಳಿಸದ ಜಾಗ ಇರಬೇಕು, ಕೇಳುವವರಿಗೆ ತರಬೇತಿ ಆಗಿರಬೇಕು, ಮುಂದಿನ ಸಹಾಯಕ್ಕೆ ದಾರಿ ಇರಬೇಕು.

ನಮ್ಮ ಕೇಂದ್ರಗಳಲ್ಲಿ ಆ ಜಾಗ ಎಲ್ಲಿದೆ? ಒಂದೇ ಕೋಣೆ, ಎರಡು ಮೇಜು, ತೆರೆದ ಬಾಗಿಲು. ಭಾಷೆಯ ಮಾತು ಬೇರೆ. ಕೋಲಾರದಲ್ಲಿ ಎಷ್ಟೋ ಜನರ ಮನೆಮಾತು ತೆಲುಗು. ಕೆ.ಜಿ.ಎಫ್.ನಲ್ಲಿ ತಮಿಳು, ಪೇಟೆಗಳಲ್ಲಿ ಉರ್ದು. ಕನ್ನಡದಲ್ಲಿ ಪಡಿತರ ಚೀಟಿ ಕೇಳಬಹುದು, ಶಾಲೆಯ ಅರ್ಜಿ ಬರೆಯಬಹುದು. ಚಿಕ್ಕಂದಿನ ನೋವು ಬರುವುದು ಅಮ್ಮ ಬೈದ ಭಾಷೆಯಲ್ಲೇ. ನಮ್ಮ ಆಶಾಗಳಿಗೆ ಎರಡು ಮೂರು ಭಾಷೆ ಬರುವುದು ಈ ವಿಷಯದಲ್ಲಿ ದೊಡ್ಡ ಆಸ್ತಿ. ಆದರೆ ಅವರ ತಲೆ ಮೇಲೆ ಈಗಾಗಲೇ ಎಷ್ಟು ಹೊರೆ ಇದೆ ಅಂತ ಮರೆಯಬಾರದು. ತಿಂಗಳಿಗೆ ಖಾತ್ರಿಯಾಗಿ ಇಷ್ಟು ಅಂತ ಗೌರವಧನ ಕೊಡಿ ಎಂದು 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ದುಡ್ಡು ಕೊಡದೆ, ತರಬೇತಿ ಕೊಡದೆ ಇದನ್ನೂ ಅವರ ತಲೆಗೇ ಕಟ್ಟುವುದು ಅನ್ಯಾಯ. ಇನ್ನೊಬ್ಬರ ನೋವು ಕೇಳಿಸಿಕೊಂಡು ಮನೆಗೆ ಹೋಗುವ ಆಶಾಗೂ ಒಂದು ಬಾಲ್ಯ ಇದೆ ಅಲ್ವಾ?

ಕಾನೂನಿನ ಗಂಟೂ ಒಂದಿದೆ. ಹೊರಗಿನವರ ಮಾದರಿಯನ್ನು ಹಾಗೇ ತರುವವರು ಇದನ್ನು ಮರೆಯುತ್ತಾರೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ 21ನೇ ಕಲಂ ಅಡಿ ಶಿಕ್ಷೆ ಇದೆ. ಎದುರಿಗೆ ಕೂತ ಬಸುರಿಗೇ ಹದಿನೇಳು ಆಗಿದ್ದರೆ ಅಲ್ಲಿ ಅನುಮಾನವೇ ಇಲ್ಲ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21 ಜನ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ಅಂತ ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ, ಹಾಗಾಗಿ ಇದು ಅಪರೂಪದ ಸಂಗತಿಯೂ ಅಲ್ಲ. ಇನ್ನು, ಕಾಯ್ದೆ ಜಾರಿಯಾದಾಗ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಈಗ ಇಪ್ಪತ್ತು ದಾಟಿದೆ. ಅವಳು ತನಗೆ ಆಗ ಆದದ್ದನ್ನು ನಂಬಿ ಹೇಳಿದರೆ ಸಿಸ್ಟರ್ ಏನು ಮಾಡಬೇಕು? 'ಯಾರಿಗೂ ಹೇಳಲ್ಲ, ಹೇಳು' ಅಂತ ಮೊದಲು ಮಾತು ಕೊಟ್ಟು ಆಮೇಲೆ ತಪ್ಪುವುದು ಅವಳಿಗೆ ಇನ್ನೊಂದು ಪೆಟ್ಟು. ಹಾಗಾಗಿ ಕೇಳುವ ಮೊದಲೇ, 'ಇದರಲ್ಲಿ ಕೆಲವು ವಿಷಯ ನಾನು ಮುಂದೆ ತಿಳಿಸಬೇಕಾಗುತ್ತೆ, ಎಷ್ಟು ಹೇಳ್ಬೇಕು ಅನ್ನೋದು ನಿನಗೆ ಬಿಟ್ಟಿದ್ದು' ಅಂತ ನೇರವಾಗಿ ಹೇಳಬೇಕು. ಹಾಗೆಂದು ತಿಳಿಸುವುದು ಬರೀ ತೊಂದರೆ ಅಂತಲೂ ಅಂದುಕೊಳ್ಳಬಾರದು. ಆ ಮನೆಯಲ್ಲಿ ಅವಳ ತಂಗಿ ಇನ್ನೂ ಇರಬಹುದು. ಮಕ್ಕಳ ಸಹಾಯವಾಣಿ 1098 ಇರುವುದು ಅಂಥವರಿಗಾಗಿಯೇ.

ಅಪ್ಪಂದಿರ ಮಾತು ಇಷ್ಟು ಹೊತ್ತು ಬರಲಿಲ್ಲ. ಬರದಿರುವುದೇ ನಮ್ಮ ವ್ಯವಸ್ಥೆಯ ಚಿತ್ರ. ಹೆರಿಗೆ ವಾರ್ಡಿನ ಗೇಟಿನ ಹೊರಗೆ, ಟೀ ಅಂಗಡಿಯ ಮುಂದೆ ನಿಂತಿರುವ ಆ ಹುಡುಗರನ್ನು ಕರೆಯುವುದು ರಕ್ತ ಬೇಕಾದಾಗ, ಸಹಿ ಬೇಕಾದಾಗ ಮಾತ್ರ. ಅವರಲ್ಲೂ ಬೆಲ್ಟಿನ ಏಟು ತಿಂದವರಿದ್ದಾರೆ. 'ನಮ್ಮಪ್ಪನೂ ಹೊಡೀತಿದ್ದ, ನಾನೇನು ಹಾಳಾದ್ನಾ?' ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇವೆ. ಅಪ್ಪ ಅಮ್ಮನನ್ನು ಹೊಡೆಯುತ್ತಿದ್ದ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಗಂಡನಿಂದಲೂ ಹೊಡೆಸಿಕೊಳ್ಳುವುದು ಜಾಸ್ತಿ ಅಂತ ಕುಟುಂಬ ಆರೋಗ್ಯ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. 2019-21ರಲ್ಲಿ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನ ಹಿಂಸೆ ಕಂಡವರು. ದೇಶದಲ್ಲೇ ಅದು ಅತಿ ಹೆಚ್ಚು. ಸ್ಕ್ಯಾನಿಂಗ್ ದಿನ ಬಂದ ಹುಡುಗನನ್ನು ಪಕ್ಕಕ್ಕೆ ಕರೆದು, 'ನಿಮ್ಮಪ್ಪ ನಿಮ್ಮ ಜೊತೆ ಹೆಂಗಿದ್ರು? ನೀವು ಹೆಂಗಿರ್ಬೇಕು ಅಂತಿದ್ದೀರಿ?' ಅಂತ ಕೇಳಲು ಐದು ನಿಮಿಷ ಸಾಕು. ಬೈಯುವ ಧ್ವನಿಯಲ್ಲಿ ಕೇಳಬಾರದು, ಅಷ್ಟೇ. ಅಪ್ಪನಾಗುವ ಸಂಭ್ರಮ ಇರುವಾಗ ಗಂಡಸು ಮೆತ್ತಗಾಗಿರುತ್ತಾನೆ.

ಮುಂದಿನ ದಾರಿ ಪೂರ್ತಿ ಖಾಲಿಯಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. 'ಮನೋಚೈತನ್ಯ' ಹೆಸರಿನಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಏರ್ಪಾಡಿದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಖರ್ಚಿಲ್ಲ. ತೀರಾ ಕಷ್ಟವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ಐದು ಹಾಸಿಗೆಗಳಿಂದ ಶುರುವಾದ ತಾಯಿ ಮಗುವಿನ ವಾರ್ಡು ಇದೆ. ದೇಶದಲ್ಲಿ ಅದೇ ಮೊದಲನೆಯದು. ಅಲ್ಲಿ ತಾಯಿಗೆ ಚಿಕಿತ್ಸೆ ನಡೆಯುವಾಗ ಮಗು ಜೊತೆಗೇ ಇರುತ್ತದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯ ಹೆಸರಿನಲ್ಲಿ ತಾಯಿಯಿಂದ ಸುಮ್ಮಸುಮ್ಮನೆ ಬೇರೆ ಮಾಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಆದರೆ ಹಸಿ ಬಾಣಂತಿ ಕೋಲಾರದಿಂದ ಬೆಂಗಳೂರಿಗೆ ಹೋಗುವುದು ಹೇಳಿದಷ್ಟು ಸುಲಭವಲ್ಲ. ಹೆಚ್ಚಿನವರಿಗೆ ಅಷ್ಟು ದೊಡ್ಡ ಚಿಕಿತ್ಸೆ ಬೇಕಾಗುವುದೂ ಇಲ್ಲ. ಬೇಕಾಗುವುದು ಏಳನೇ ತಿಂಗಳಿಗೆ ಮೊದಲು ಒಬ್ಬರ ಜೊತೆ ಒಂದು ಮಾತು, ಆಮೇಲೆ ಬಾಣಂತನದ ಜಾಗ ಬದಲಿಸಲು ಸ್ವಲ್ಪ ಉಪಾಯ.

ಶ್ರೀನಿವಾಸಪುರ ಕಡೆಯ ಒಬ್ಬ ಆಶಾ ಅಕ್ಕ ಹೇಗೆ ಮಾಡುತ್ತಾರೆ ಅಂತ ನನಗೆ ಹೇಳಿದರು. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. ಅವರು ಕೇಂದ್ರದಲ್ಲಿ ಏನೂ ಕೇಳುವುದಿಲ್ಲ. ಆರನೇ ತಿಂಗಳಲ್ಲಿ ಮನೆಗೆ ಹೋಗುತ್ತಾರೆ. "ಅಮ್ಮಾ, ತಲೆ ನೋಯ್ತಿದೆ, ಒಂದು ಲೋಟ ಕಾಫಿ ಕೊಡಿ" ಅಂತ ಅತ್ತೆಯನ್ನು ಒಳಗೆ ಕಳಿಸುತ್ತಾರೆ. ಆ ಐದು ನಿಮಿಷದಲ್ಲಿ ತೆಲುಗಿನಲ್ಲಿ ಕೇಳುವುದು ಒಂದೇ ಪ್ರಶ್ನೆ. ನೀನು ಚಿಕ್ಕೋಳಿದ್ದಾಗ ನಿನ್ನನ್ನ ಯಾರು ನೋಡ್ಕೊಂಡ್ರು? ದೌರ್ಜನ್ಯ ಅನ್ನುವ ಪದ ಎತ್ತುವುದಿಲ್ಲ. ಚೆನ್ನಾಗಿ ಬೆಳೆದವರು ನಗುತ್ತಾ ಹೇಳುತ್ತಾರೆ. ಕೆಲವರು ಸುಮ್ಮನಾಗುತ್ತಾರೆ. ಸುಮ್ಮನಾದವರ ಮನೆಗೆ ಇನ್ನೊಂದು ಸಲ ಹೋಗುತ್ತಾರೆ.

ಒಬ್ಬ ಹುಡುಗಿ ಎರಡನೇ ಸಲ ಹೋದಾಗ, "ನಮ್ಮ ದೊಡ್ಡಮ್ಮ" ಅಂದಳಂತೆ. ಅಷ್ಟೇ ಅಂದದ್ದು. ಅಪ್ಪ ಅಮ್ಮನ ಹೆಸರು ಎತ್ತಲಿಲ್ಲ. ಆಶಾ ಅಕ್ಕನೂ ಕೆದಕಲಿಲ್ಲ. ಬಾಣಂತನದ ಮಾತು ಬಂದಾಗ ಎರಡೂ ಮನೆಯವರ ಮುಂದೆ, ದೊಡ್ಡಮ್ಮನ ಊರಿಗೆ ಆಸ್ಪತ್ರೆ ಹತ್ತಿರ, ಇವಳಿಗೆ ರಕ್ತ ಕಡಿಮೆ ಇದೆ, ಅಲ್ಲೇ ಇದ್ದರೆ ಒಳ್ಳೆಯದು ಅಂತ ಹೇಳಿದರು. ರಕ್ತ ಕಡಿಮೆ ಇದ್ದದ್ದು ನಿಜವೇ. ಯಾರ ಮರ್ಯಾದೆಯೂ ಹೋಗಲಿಲ್ಲ. ಆ ಊರಿನ ಆಶಾಗೆ ಫೋನ್ ಮಾಡಿ, ಹಿಂದಿನ ಕಥೆ ಏನೂ ಹೇಳದೆ, "ಈ ಹುಡುಗಿ ಮನೆಗೆ ಸ್ವಲ್ಪ ಜಾಸ್ತಿ ಹೋಗಿ ಬಾರಮ್ಮ" ಅಂದರು.

ಲೆಕ್ಕದ ಪ್ರಕಾರ ಮೂರನೇ ದಿನ ಹೋಗಬೇಕಿತ್ತು, ಆಮೇಲೆ ಏಳನೇ ದಿನ. ಆ ಊರಿನ ಆಶಾ ನಾಲ್ಕನೇ ದಿನವೂ ಹೋದರಂತೆ, ಐದನೇ ದಿನವೂ.